ಭವಿಷ್ಯ ಖರೇ ಆಯಿತೇ? ವಹಿ ಇಟ್ಟು ನೋಡುವ ಕ್ರಮ

ಮುಂದಾಗುವುದನ್ನು ಯಾರು ಹೇಳಬಲ್ಲರು ಎಂಬ ವಾದ ನಮ್ಮ ಕಡೆ ಯುಗಾದಿಯಿಂದ ದಸರಾತನಕ ನಡೆದೇ ಇರುತ್ತದೆ. ಯುಗಾದಿಗೆ ಧಾರವಾಡ ಹತ್ತಿರದ ಹನುಮನಕೊಪ್ಪದ ಗೊಂಬೆ ಭವಿಷ್ಯ, ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯ ಮುಂಗಾರು ಅಂದಾಜು, ದಸರಾಕ್ಕೆ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರ್ಣಿಕ, ನಡುನಡುವೆ ಟಿವಿ ಜ್ಯೋತಿಷಿಗಳು. ವರ್ಷ ಕಳೆದ ಮೇಲೆ ಇವರೆಲ್ಲರ ಪರವಾಗಿಯೂ ‘ಹೇಳಿದ್ದು ಖರೇ ಆತು ನೋಡ್ರಿ’ ಅನ್ನುವವರು ಸಿಗುತ್ತಾರೆ. ನೆನಪಿನ ಮೇಲೆ ತೀರ್ಪು ಕೊಟ್ಟರೆ ಆಗುವುದು ಹೀಗೇ. ನೆನಪು ಸರಿಹೋದದ್ದನ್ನು ಇಟ್ಟುಕೊಂಡು ತಪ್ಪಿದ್ದನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ನಾನು ನಂಬುವುದು ವಹಿಯನ್ನು. ಅದನ್ನು ಹೇಗೆ ಇಡುವುದು, ಅಂಕ ಹೇಗೆ ಹಾಕುವುದು, ಎಲ್ಲಿ ಮೋಸಹೋಗುತ್ತೇವೆ ಎಂಬುದು ಇಲ್ಲಿದೆ.

ವಹಿಯಲ್ಲಿ ಒಂದು ಭವಿಷ್ಯ ಸೇರಬೇಕಾದರೆ ಅದಕ್ಕೆ ನಾಲ್ಕು ಅಂಗ ಇರಬೇಕು: ಏನು, ಎಲ್ಲಿ, ಯಾವಾಗಿನೊಳಗೆ, ಎಷ್ಟು. ‘ಈ ಸಲ ಮಳೆ ಚಲೋ’ ಎಂಬುದನ್ನು ನಾನು ಬರೆದುಕೊಳ್ಳುವುದೇ ಇಲ್ಲ. ಅದು ಸೋಲಲು ದಾರಿಯೇ ಇಲ್ಲದ ಮಾತು. ‘ರೋಣ ತಾಲ್ಲೂಕಿನಲ್ಲಿ ಜೂನ್ 30ರೊಳಗೆ 60 ಮಿಮೀ ದಾಟುತ್ತದೆ’ ಅಂದರೆ ಅದು ಭವಿಷ್ಯ. ಬರೆದ ದಿನವೇ ಪುಟದ ಫೋಟೋ ತೆಗೆದು ಇಬ್ಬರು ಮೂವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು, ತಾರೀಖು ಅವರ ಫೋನಿನಲ್ಲೂ ಉಳಿಯುತ್ತದೆ. ಇಷ್ಟು ಬಿಗಿ ಯಾಕೆಂದರೆ, ಯೂಟ್ಯೂಬ್‌ನಲ್ಲಿ ವಿಡಿಯೋದ ಶೀರ್ಷಿಕೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ತಪ್ಪಿದ್ದನ್ನು ಅಳಿಸಬಹುದು. ಉಳಿದದ್ದನ್ನು ಮಾತ್ರ ನೋಡುವವನಿಗೆ ಹೇಳಿದವರು ಯಾವತ್ತೂ ತಪ್ಪಿದ್ದು ಕಾಣುವುದಿಲ್ಲ.

ಮಳೆಯಿಂದ ಶುರುಮಾಡುವುದು ಒಳ್ಳೆಯದು. ದಿನಾ ಭವಿಷ್ಯ ಸಿಗುತ್ತದೆ, ಮರುದಿನವೇ ಉತ್ತರ ಗೊತ್ತಾಗುತ್ತದೆ. ಮಾಪಕಕ್ಕೆ ಒಂದು ಆಲಿಕೆ, ಎರಡು ಲೀಟರಿನ ಬಾಟಲಿ, ಔಷಧಿ ಅಂಗಡಿಯ ದೊಡ್ಡ ಸಿರಿಂಜು ಸಾಕು. ಆಲಿಕೆಯ ಬಾಯಿಯ ಒಳ ಅಡ್ಡಳತೆ 16 ಸೆಂಮೀ ಇದ್ದರೆ ತ್ರಿಜ್ಯ 8. 8 × 8 × 3.14, ಅಂದರೆ ಸುಮಾರು 201 ಚದರ ಸೆಂಮೀ. ಅದನ್ನು ಹತ್ತರಿಂದ ಭಾಗಿಸಿದರೆ ಒಂದು ಮಿಮೀ ಮಳೆಗೆ ಬಾಟಲಿಗೆ ಇಳಿಯುವ ನೀರು: 20 ಮಿಲಿ. ಬೇರೆ ಅಳತೆಯ ಆಲಿಕೆ ಸಿಕ್ಕರೂ ಲೆಕ್ಕ ಇದೇ. ಓರೆ ಅಂಚಿನ ಆಲಿಕೆಯಲ್ಲಿ ಜೋರು ಹನಿ ಹೊರಗೆ ಸಿಡಿದು ಮಳೆ ಕಡಿಮೆ ತೋರಿಸುತ್ತದೆ, ಅದಕ್ಕೆ ಮೇಲೆ ಐದಾರು ಸೆಂಮೀ ಎತ್ತರದ ಪಿವಿಸಿ ಪೈಪಿನ ತುಂಡು ಅಂಟಿಸಬೇಕು. ಆಗ ಲೆಕ್ಕಕ್ಕೆ ಬರುವುದು ಪೈಪಿನ ಒಳ ಅಡ್ಡಳತೆಯೇ ಹೊರತು ಆಲಿಕೆಯದ್ದಲ್ಲ. ಬಾಯಿ ನೆಲದಿಂದ 30 ಸೆಂಮೀ ಮೇಲಿರಲಿ. ಗೋಡೆ, ಬೇವಿನ ಮರ ಎಷ್ಟು ಎತ್ತರವೋ ಅದರ ಕನಿಷ್ಠ ಎರಡು ಪಟ್ಟು ದೂರವಿರಲಿ. ಮಾಳಿಗೆ ಮೇಲೆ ಇಡಬೇಡಿ, ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುತ್ತದೆ. ಎರಡು ಲೀಟರು ತುಂಬುವುದು 100 ಮಿಮೀಗೆ, ಆದ್ದರಿಂದ ಬಾಟಲಿಯನ್ನು ಬಕೆಟ್ಟಿನೊಳಗೆ ನಿಲ್ಲಿಸಿ, ತುಳುಕಿದ್ದೂ ಸಿಗುತ್ತದೆ.

ಓದುವ ಹೊತ್ತು ಬೆಳಿಗ್ಗೆ 8:30, ಹವಾಮಾನ ಇಲಾಖೆಯ ಮಳೆ-ದಿನ ಅಲ್ಲಿಂದಲೇ ಎಣಿಕೆ. ಹೆಚ್ಚು ಜನ ಎಡವುವುದು ಇಲ್ಲಿ. 15ರ ಬೆಳಿಗ್ಗೆ ಅಳೆದ ನೀರು 14ರ ಬೆಳಿಗ್ಗೆಯಿಂದ ಬಿದ್ದದ್ದು. ಇಲಾಖೆ ಅದನ್ನು 15ರ ಮಳೆ ಎಂದು ಬರೆಯುತ್ತದೆ. ಆದರೆ 14ರಂದು ಹೇಳಿದ ‘ಇಂದಿನ’ ಮುನ್ಸೂಚನೆಯನ್ನು ಹೋಲಿಸಬೇಕಾದದ್ದು ಈ ಅಳತೆಯ ಜೊತೆಗೇ. ಒಂದು ದಿನ ಹಿಂದೆಮುಂದೆ ಆದರೆ ಒಳ್ಳೆಯ ಮುನ್ಸೂಚನೆಯೂ ಸುಳ್ಳಾಗಿ ಕಾಣುತ್ತದೆ. 2.5 ಮಿಮೀ ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆ ದಿನ’. ತುಂತುರು ಲೆಕ್ಕಕ್ಕಿಲ್ಲ.

ಇನ್ನು ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು. ಇವು ನುಣುಚಿಕೊಳ್ಳುವ ಮಾತೆಂದು ನಮ್ಮ ರೈತರು ಸಿಟ್ಟಾಗುತ್ತಾರೆ, ಆದರೆ ಒಂದೊಂದಕ್ಕೂ ಅಳತೆಯಿದೆ. ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕ್ರಮವಾಗಿ ಶೇ 25ರವರೆಗೆ, 26–50, 51–75, 76–100 ಭಾಗಕ್ಕೆ ಮಳೆ ಎಂದು ಅರ್ಥ. ನನ್ನ ಹೊಲ ಒಂದೇ ಆದ್ದರಿಂದ ನಾನು ಪ್ರತಿ ಗುಂಪಿನ ನಡುವಿನ ಅಂಕಿ ಹಿಡಿಯುತ್ತೇನೆ: 0.13, 0.38, 0.63, 0.88. ಇದು ನನ್ನ ಹೊಲದಲ್ಲಿ ಮಳೆಯಾಗುವ ಸಂಭವ.

ಅಂಕ ಹಾಕುವುದು ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ಸೂತ್ರದಿಂದ. ಮಳೆ ಬಂದರೆ 1, ಇಲ್ಲದಿದ್ದರೆ 0. ಹೇಳಿದ ಸಂಭವಕ್ಕೂ ಆದದ್ದಕ್ಕೂ ಇರುವ ಅಂತರದ ವರ್ಗ ಆ ದಿನದ ದಂಡ. 0.88 ಅಂದು ಮಳೆ ಬಂದರೆ ದಂಡ 0.014, ಬಾರದಿದ್ದರೆ 0.77. ತಿಂಗಳ ಸರಾಸರಿ ಕಡಿಮೆಯಾದಷ್ಟೂ ಚಲೋ. ಏನೂ ಗೊತ್ತಿಲ್ಲದೆ ದಿನಾ 0.5 ಅನ್ನುವವನಿಗೆ 0.25 ಸಿಗುತ್ತದೆ. ಆದರೆ ನಿಜವಾದ ಎದುರಾಳಿ ಅವನಲ್ಲ. ಊರಿನ ಹಳೆಯ ಮಳೆ ಲೆಕ್ಕ ನೋಡಿ ಮಾತಾಡುವವನು. ತಿಂಗಳಿಗೆ 30ರಲ್ಲಿ 12 ಮಳೆ ದಿನ ಇರುವ ಕಡೆ ಅವನು ದಿನಾ 0.4 ಅನ್ನುತ್ತಾನೆ, ಅವನ ದಂಡ 0.24. ಮುನ್ಸೂಚನೆಯ ಸರಾಸರಿ 0.18 ಬಂದರೆ ಅದರ ಗಳಿಕೆ 1 − 0.18/0.24, ಅಂದರೆ 0.25. ಸೊನ್ನೆಗಿಂತ ಮೇಲಿದ್ದರೆ ಅದರಲ್ಲಿ ತಿಳಿವಳಿಕೆ ಇದೆ, ಕೆಳಗಿದ್ದರೆ ಹಳೆಯ ಲೆಕ್ಕವೇ ವಾಸಿ.

ಈ ಎದುರಾಳಿಯನ್ನು ಬಿಟ್ಟರೆ ಏನಾಗುತ್ತದೆ ಎನ್ನಲು ಅಮೆರಿಕದ ಹವಾಮಾನ ತಜ್ಞ ಜಾನ್ ಫಿನ್ಲಿಯ ಕಥೆ ಸಾಕು. 1884ರಲ್ಲಿ ಅವರ ಸುಂಟರಗಾಳಿ ಮುನ್ಸೂಚನೆಗಳಲ್ಲಿ ಶೇ 96.6 ಸರಿ ಎಂದು ಬಂತು. 2,803 ಮುನ್ಸೂಚನೆಗಳಲ್ಲಿ ‘ಬರುತ್ತದೆ’ ಅಂದು ಬಂದದ್ದು 28, ಹಾಗೆಂದರೂ ಬಾರದ್ದು 72, ಹೇಳದೆ ಬಂದದ್ದು 23, ಉಳಿದ 2,680 ‘ಇಲ್ಲ’ ಅಂದು ಏನೂ ಆಗದವು. ಪ್ರತಿ ಸಲ ‘ಇಲ್ಲ’ ಎಂದಿದ್ದರೆ ಶೇ 98.2 ಸರಿಯಾಗುತ್ತಿತ್ತು! ಗದಗಿನಲ್ಲಿ ಫೆಬ್ರುವರಿಯಲ್ಲಿ ‘ಮಳೆ ಇಲ್ಲ’ ಅಂದು ಗೆಲ್ಲುವುದೂ, ಕಲಘಟಗಿಯಲ್ಲಿ ಜುಲೈನಲ್ಲಿ ‘ಮಳೆ ಇದೆ’ ಅಂದು ಗೆಲ್ಲುವುದೂ ಇದೇ ಬಗೆಯದು. ಅಪರೂಪದ ಘಟನೆಗೆ ನಾನು ಆ 2,680ರ ಮನೆಯನ್ನೇ ಬಿಟ್ಟು, 28ನ್ನು 28 + 72 + 23ರಿಂದ ಭಾಗಿಸುತ್ತೇನೆ. 0.23 ಬರುತ್ತದೆ, ಅದೇ ಪ್ರಾಮಾಣಿಕ ಅಂಕಿ.

ಮಳೆ ನಕ್ಷತ್ರಗಳನ್ನು ಭವಿಷ್ಯದ ಪಟ್ಟಿಗೆ ನಾನು ಸೇರಿಸುವುದಿಲ್ಲ. ರೋಹಿಣಿ, ಮಿರಗಾ, ಆರಿದ್ರಾ ಎಂದರೆ ಸೂರ್ಯ ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ; ಅದು ಸೌರ ಕ್ಯಾಲೆಂಡರು, ತಲೆಮಾರುಗಳ ಬಿತ್ತನೆ ಅನುಭವ ಅದಕ್ಕೆ ಅಂಟಿಕೊಂಡಿದೆ. ಎರೆ ಹೊಲಕ್ಕೆ ಹೆಸರು ಯಾವಾಗ ಬಿತ್ತಬೇಕೆಂಬುದಕ್ಕೆ ಅದು ಇವತ್ತಿಗೂ ಉಪಯೋಗದ್ದು. ಪಂಚಾಂಗದಲ್ಲೂ ಇಂಥದೇ ಎರಡು ಪಾಲು. ಗಣಿತದ ಪಾಲು ಗ್ರಹಣ ಹೇಳುತ್ತದೆ, ಅದು ತಪ್ಪುವುದಿಲ್ಲ. 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿಯ ಮೇಲೆ ಹಾದದ್ದು ವರ್ಷಗಳ ಮೊದಲೇ ಗೊತ್ತಿತ್ತು, 2031ರ ಮೇ 21ರ ಕಂಕಣ ಸೂರ್ಯಗ್ರಹಣವೂ ಈಗಲೇ ಗೊತ್ತಿದೆ. ಫಲದ ಪಾಲು ಈ ಗಣಿತದ ನಂಬಿಕೆಯನ್ನು ಸಾಲವಾಗಿ ತಂದು ಬದುಕುತ್ತದೆ. ಎರಡಕ್ಕೂ ವಹಿಯಲ್ಲಿ ಬೇರೆ ಬೇರೆ ಪುಟ ಇಡಿ.

ಕಾರ್ಣಿಕ, ಗೊಂಬೆ ಭವಿಷ್ಯಗಳನ್ನು ಅಳೆಯುವಾಗ ಭಕ್ತಿಯನ್ನು ಮುಟ್ಟಬೇಕಿಲ್ಲ. ಗೊರವಯ್ಯ ಉಪವಾಸವಿದ್ದು ಬಿಲ್ಲೇರಿ ‘ಸದ್ದಲೇ’ ಎಂದು ನುಡಿಯುವುದಕ್ಕೆ ಜನ ಕೊಡುವ ಗೌರವ ದೊಡ್ಡದು. ಪ್ರಶ್ನೆ ಬೇರೆ: ಆ ನುಡಿಯಿಂದ ಮುಂದಿನ ವರ್ಷ ತಿಳಿಯುತ್ತದೆಯೇ? ನುಡಿ ಒಂದೇ ಸಾಲು. ತಾರೀಖು, ಅಳತೆ ಇರುವುದಿಲ್ಲ, ಅರ್ಥವನ್ನು ಆಮೇಲೆ ಹಚ್ಚುತ್ತಾರೆ. ಇದಕ್ಕೆ ಜೋಡಿಸುವ ಪರೀಕ್ಷೆ ಬೇಕು. ಹಿಂದಿನ ಎಂಟು ಹತ್ತು ವರ್ಷದ ನುಡಿಗಳನ್ನು ಇಸವಿ ತೆಗೆದು ಒಂದೊಂದು ಚೀಟಿಯಲ್ಲಿ ಬರೆಯಿರಿ. ಅವುಗಳ ಮುಂದಿನ ವರ್ಷಗಳ ಮಳೆ, ಬೆಳೆ, ರಾಜಕೀಯವನ್ನು ಬೇರೆ ಚೀಟಿಗಳಲ್ಲಿ ಬರೆಯಿರಿ. ಇದನ್ನು ನುಡಿ ಗೊತ್ತಿಲ್ಲದ ಮತ್ತೊಬ್ಬರಿಂದ ಬರೆಸಬೇಕು, ಇಲ್ಲದಿದ್ದರೆ ಪದಗಳು ತಾವೇ ಹೊಂದಿಕೊಳ್ಳುತ್ತವೆ. ಆಮೇಲೆ ಚೀಟಿ ಕಲಸಿ, ನುಡಿಯನ್ನು ಬಲ್ಲವರಿಗೇ ಕೊಟ್ಟು ಜೋಡಿಸಲು ಹೇಳಿ. ಹಳೆಯ ನುಡಿ ಯಾವ ವರ್ಷದ್ದೆಂದು ಮೊದಲೇ ನೆನಪಿರುವವರನ್ನು ಬಿಡಿ. ಕಣ್ಣುಮುಚ್ಚಿ ಜೋಡಿಸಿದರೂ ಸರಾಸರಿ ಒಂದು ಜೋಡಿ ಸರಿಬರುತ್ತದೆ. ಚೀಟಿ ಐದಿರಲಿ, ಐವತ್ತಿರಲಿ, ಗಣಿತ ಅದೇ. ಹಲವರು ಸೇರಿ ಸರಾಸರಿ ಒಂದರ ಆಸುಪಾಸಿನಲ್ಲೇ ನಿಂತರೆ ನುಡಿಯೊಳಗೆ ವರ್ಷದ ಸುಳಿವು ಇರಲಿಲ್ಲ ಎಂದರ್ಥ.

ಜಾತಕಕ್ಕೆ ಮಾದರಿ ನಮ್ಮ ನೆರೆಯಲ್ಲೇ ಇದೆ. ಖಭೌತ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2008ರಲ್ಲಿ ಮಹಾರಾಷ್ಟ್ರದಲ್ಲಿ 200 ಕುಂಡಲಿ ಸಂಗ್ರಹಿಸಿದರು, ಅರ್ಧ ಜಾಣ ವಿದ್ಯಾರ್ಥಿಗಳದ್ದು, ಅರ್ಧ ಬುದ್ಧಿಮಾಂದ್ಯ ಮಕ್ಕಳದ್ದು. ಒಬ್ಬೊಬ್ಬ ಜ್ಯೋತಿಷಿಗೆ 40 ಕುಂಡಲಿ ಕೊಟ್ಟು ಯಾವುದು ಯಾರದ್ದೆಂದು ಕೇಳಿದರು. ಉತ್ತರ ಕಳಿಸಿದ 27 ಮಂದಿಯ ಸರಾಸರಿ ಶೇ 46. ನಾಣ್ಯ ಚಿಮ್ಮಿದರೆ 50. ಗೆಲುವಿನ ಗೆರೆಯನ್ನು ಮೊದಲೇ 28ಕ್ಕೆ ಎಳೆದಿದ್ದರು, ಬರೀ ಅದೃಷ್ಟದಿಂದ 40ರಲ್ಲಿ 28 ದಾಟುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಗೆರೆಯನ್ನು ಮೊದಲೇ ಎಳೆಯುವುದೇ ಈ ಕೆಲಸದ ಜೀವ. ಫಲಿತಾಂಶ ನೋಡಿ ಗೆರೆ ಎಳೆದರೆ ಎಲ್ಲರೂ ಗೆಲ್ಲುತ್ತಾರೆ.

ಕ್ರಿಕೆಟ್, ಶೇರು, ಮೆಣಸಿನಕಾಯಿ ದರದ ‘ಟಿಪ್ಸ್’ ಕೊಡುವವರ ಬಗ್ಗೆ ಒಂದೇ ಮಾತು: 1,024 ಜನರಲ್ಲಿ ಅರ್ಧಕ್ಕೆ ‘ಏರುತ್ತದೆ’, ಅರ್ಧಕ್ಕೆ ‘ಇಳಿಯುತ್ತದೆ’ ಎಂದು ಕಳಿಸಿ, ಪ್ರತಿ ಸಲ ಸರಿಬಂದ ಅರ್ಧಕ್ಕೆ ಮಾತ್ರ ಮುಂದುವರಿಸಿದರೆ, ಹತ್ತನೇ ಸುತ್ತಿಗೆ ಒಬ್ಬನಿಗೆ ಹತ್ತಕ್ಕೆ ಹತ್ತೂ ಸರಿ ಕಂಡಿರುತ್ತದೆ. ಆ ಒಬ್ಬ ನೀವಾಗಿರಬಹುದು.

ವಿಜ್ಞಾನಕ್ಕೂ ಇದೇ ಕಟ್ಟುನಿಟ್ಟು ಬೇಕು. 2023ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ದೇಶದ ಮುಂಗಾರು ವಾಡಿಕೆಯ ಶೇ 96 ಎಂದಿತ್ತು, ಐದು ಅಂಶ ಹೆಚ್ಚುಕಡಿಮೆಯ ಅವಕಾಶದೊಂದಿಗೆ. ಬಂದದ್ದು ಶೇ 94. ಕಾಗದದ ಮೇಲೆ ಸರಿ, ಆದರೆ ಅದೇ ವರ್ಷ ಕರ್ನಾಟಕದ 223 ತಾಲ್ಲೂಕು ಬರಪೀಡಿತ. ದೇಶದ ಅಂಕಿಯನ್ನು ಮುಂಡರಗಿಯ ಹೊಲಕ್ಕೆ ಹಚ್ಚಿ ಬೀಜ, ಗೊಬ್ಬರಕ್ಕೆ ಸಾಲ ಮಾಡಬಾರದು. ದಿನದ ಮಳೆಯಲ್ಲಿ ನಾನು ಮೂರು ದಿನದವರೆಗಿನ ಮುನ್ಸೂಚನೆಯನ್ನೂ ಅದರಾಚೆಯದನ್ನೂ ಬೇರೆ ಕಾಲಂನಲ್ಲಿ ಇಡುತ್ತೇನೆ, ದಿನ ದೂರವಾದಂತೆ ದಂಡ ಏರುವುದು ಕಣ್ಣಿಗೆ ಕಾಣುತ್ತದೆ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದಂತೆ ಆರಂಭದ ಸಣ್ಣ ವ್ಯತ್ಯಾಸವೇ ಬೆಳೆಯುತ್ತ ಹೋಗುತ್ತದೆ. ಇಂತಿಂಥ ದಿನ ಮಳೆ ಎಂದು ಹೇಳಲು ಸುಮಾರು ಎರಡು ವಾರದ ಎಲ್ಲೆಯಿದೆ. ಒಂದು ತಿಂಗಳ ಆಚೆಯ ತಾರೀಖಿಗೆ ಮಳೆ ಹೇಳುವ ಆ್ಯಪ್ ನಂಬಬೇಡಿ.

ಭೂಕಂಪದ ಪುಟ ಖಾಲಿ ಇಟ್ಟಿದ್ದೇನೆ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ ಕಂಪನ ಬರುತ್ತದೆಂದು ವಿಜ್ಞಾನಿಗಳು ಹೇಳಿ, ಉಪಕರಣ ಹೂತು ಕಾದರು, ಬಂದದ್ದು 2004ರಲ್ಲಿ. ತಾರೀಖು ಹಿಡಿದು ಹೇಳುವ ವಿದ್ಯೆ ಇನ್ನೂ ಇಲ್ಲ ಎಂದು ಅವರೇ ಒಪ್ಪುತ್ತಾರೆ. ಯಾರಾದರೂ ಜ್ಯೋತಿಷಿ ದಿನ, ಊರು, ತೀವ್ರತೆ ಮೂರನ್ನೂ ಮೊದಲೇ ಬರೆದುಕೊಟ್ಟರೆ ಆ ಪುಟ ಅವರದ್ದು.

ಹೊಸದಾಗಿ ಶುರುಮಾಡುವವರು ರೋಹಿಣಿ ಮಳೆ ಹೂಡುವ ಮೇ 25ರ ಹೊತ್ತಿಗೆ ತಯಾರಿರಲಿ, ಸ್ವಾತಿ ಮುಗಿಯುವ ನವೆಂಬರ್ ಮೊದಲ ವಾರದವರೆಗೆ ಒಂದು ದಿನವೂ ಬಿಡದೆ ಬರೆಯಲಿ. ಮಳೆ ಬಾರದ ದಿನಕ್ಕೆ ಸೊನ್ನೆ, ಅಳೆಯದ ದಿನಕ್ಕೆ ಅಡ್ಡಗೆರೆ. ಎರಡನ್ನೂ ಖಾಲಿ ಬಿಟ್ಟರೆ ತಿಂಗಳ ಕೊನೆಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಮಾಪಕವನ್ನು ವಾರ ಮೊದಲೇ ನೆಟ್ಟು, ಆಲಿಕೆಗೆ 200 ಮಿಲಿ ನೀರು ಸುರಿದು, ಮರುಗಳಿಗೆಯೇ ಸಿರಿಂಜಿನಿಂದ ಅಳೆದು ಅಷ್ಟೂ ಸಿಗುತ್ತದೆಯೇ ನೋಡಿಕೊಳ್ಳಿ. ಹತ್ತು ಮಿಲಿಗಿಂತ ಜಾಸ್ತಿ ಕೊರತೆ ಬಿದ್ದರೆ ಅಂಟಿಸಿದ ಕಡೆ ಸೋರುತ್ತಿದೆ.