ಶರತ್ಕಾಲದ ತರಕಾರಿ ತೋಟ: ಹಿಂದಕ್ಕೆ ಎಣಿಸಿ ಬಿತ್ತುವ ಬಗೆ

ವಸಂತದಲ್ಲಿ ಬಿತ್ತನೆ ಒಂದು ವಾರ ತಡವಾದರೂ ಗಿಡಗಳು ಆ ಕೊರತೆಯನ್ನು ತಾವೇ ತುಂಬಿಕೊಳ್ಳುತ್ತವೆ. ಹಗಲು ದಿನದಿಂದ ದಿನಕ್ಕೆ ಉದ್ದವಾಗುತ್ತದೆ, ಮಣ್ಣು ಬೆಚ್ಚಗಾಗುತ್ತ ಹೋಗುತ್ತದೆ. ಶರತ್ಕಾಲದ ತೋಟದಲ್ಲಿ ಈ ಸಲಿಗೆ ಇಲ್ಲ. ಬೇಸಿಗೆಯ ಕೊನೆಯ ಬಿಸಿಲಿನಲ್ಲಿ ಮೊಳೆತ ಸಸಿಗೆ ವಾರ ಕಳೆದಂತೆ ಬೆಳಕು ಕಡಿಮೆಯಾಗುತ್ತ, ಚಳಿ ಹೆಚ್ಚುತ್ತ ಹೋಗುವುದರಿಂದ, ಕಳೆದುಹೋದ ದಿನಗಳನ್ನು ಅದು ಮರಳಿ ಗಳಿಸಲಾರದು. ಹೀಗಾಗಿ ಈ ಕಾಲದ ಬೆಳೆ ಕೈಕೊಟ್ಟಾಗ ಕೀಟವನ್ನೋ ಗೊಬ್ಬರವನ್ನೋ ದೂರುವ ಮೊದಲು ಬಿತ್ತಿದ ದಿನಾಂಕವನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈ ಕಾಲಕ್ಕೆ ತನ್ನದೇ ಆದ ಅನುಕೂಲಗಳೂ ಇವೆ. ಪಾಲಕ್ ಸೊಪ್ಪು ಹೂದಂಟು ಎತ್ತುವುದು ಹಗಲು ಉದ್ದವಾದಾಗ. ಹಗಲು ಕುಗ್ಗುವ ದಿನಗಳಲ್ಲಿ ಅದು ವಾರಗಟ್ಟಲೆ ಎಲೆಯನ್ನೇ ಕೊಡುತ್ತದೆ. ಕ್ಯಾರೆಟ್, ಕೇಲ್ (ಸೊಪ್ಪಿನಂತೆ ಬಳಸುವ ಕೋಸಿನ ಜಾತಿ) ಮುಂತಾದ ಗಿಡಗಳು ಚಳಿ ತಾಗಿದಾಗ ತಮ್ಮಲ್ಲಿರುವ ಪಿಷ್ಟದ ಒಂದು ಭಾಗವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತವೆ. ಸಕ್ಕರೆ ಕರಗಿದ ರಸ ಬೇಗ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಅದು ಗಿಡಕ್ಕೆ ರಕ್ಷಣೆ, ತಿನ್ನುವವರಿಗೆ ಸಿಹಿ.

ಮೊದಲ ಹೆಜ್ಜೆ: ದಿನಗಳ ಲೆಕ್ಕ

ಇಬ್ಬನಿ ಹೆಪ್ಪುಗಟ್ಟಿ ಎಲೆಗಳ ಮೇಲೆ ಬಿಳಿಯಾಗಿ ಕೂರುವ ಮೊದಲ ರಾತ್ರಿ ನೀವಿರುವಲ್ಲಿ ಸಾಮಾನ್ಯವಾಗಿ ಯಾವಾಗ ಬರುತ್ತದೆ ಎಂಬುದನ್ನು ಹವಾಮಾನದ ದಾಖಲೆಗಳಿಂದಲೋ, ಹಲವು ವರ್ಷಗಳಿಂದ ತೋಟ ಮಾಡುತ್ತಿರುವ ನೆರೆಯವರಿಂದಲೋ ತಿಳಿದುಕೊಳ್ಳಿ. ಇದನ್ನೇ ಇಲ್ಲಿ ಮೊದಲ ಹಿಮ ಎನ್ನುತ್ತೇನೆ. ಆ ದಿನದಿಂದ ಹಿಂದಕ್ಕೆ ಎಣಿಸಬೇಕು. ಬೀಜದ ಪೊಟ್ಟಣದ ಮೇಲೆ ಮುದ್ರಿಸಿರುವ ಬೆಳೆಯ ಅವಧಿಗೆ, ಕುಗ್ಗುತ್ತಿರುವ ಬೆಳಕಿನಿಂದಾಗುವ ವಿಳಂಬಕ್ಕಾಗಿ 14 ದಿನ ಸೇರಿಸಿ. ಕೊಯ್ಲು ಒಂದೇ ದಿನದಲ್ಲಿ ಮುಗಿಯುವುದಿಲ್ಲವಾದ್ದರಿಂದ ಅದಕ್ಕಾಗಿ ಇನ್ನೂ 10 ದಿನ ಸೇರಿಸಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮೊದಲ ಹಿಮ ನವೆಂಬರ್ 10ರಂದು ಬೀಳುತ್ತದೆ ಎಂದಿಟ್ಟುಕೊಳ್ಳಿ. ನಾಟಿಯಾದ ಮೇಲೆ 65 ದಿನಗಳಲ್ಲಿ ಬರುವ ಹೂಕೋಸಿನ ತಳಿಗೆ 65, 14 ಮತ್ತು 10 ಸೇರಿ 89 ದಿನ ಬೇಕು. ಅಂದರೆ ಆಗಸ್ಟ್ 13ರೊಳಗೆ ನಾಟಿ ಮುಗಿಯಬೇಕು. ಸಸಿ ನಾಟಿಗೆ ಸಿದ್ಧವಾಗಲು ಸುಮಾರು 5 ವಾರ ಹಿಡಿಯುವುದರಿಂದ ಬೀಜ ಟ್ರೇಗೆ ಬೀಳಬೇಕಾದದ್ದು ಜುಲೈ 9ರ ಹೊತ್ತಿಗೆ. ಬಿರುಬಿಸಿಲಿನ ನಡುವೆ ಹೂಕೋಸಿನ ನೆನಪು ಯಾರಿಗೂ ಬರುವುದಿಲ್ಲ, ಆದರೆ ಬರಲೇಬೇಕಾದ ಸಮಯ ಅದೇ. 28 ದಿನಗಳ ಮೂಲಂಗಿಯನ್ನಾದರೆ ಇದೇ ಜಾಗದಲ್ಲಿ ಸೆಪ್ಟೆಂಬರ್ 19ರವರೆಗೂ ಬಿತ್ತಬಹುದು. ಪೊಟ್ಟಣದ ಮೇಲಿನ ದಿನಗಳು ಬಿತ್ತನೆಯಿಂದ ಎಣಿಸಿದ್ದೋ ನಾಟಿಯಿಂದ ಎಣಿಸಿದ್ದೋ ಎಂಬುದನ್ನು ಗಮನಿಸಿ. ಕೋಸಿನ ಜಾತಿಗಳಲ್ಲಿ ಅದು ಸಾಮಾನ್ಯವಾಗಿ ನಾಟಿಯಿಂದ. ಭೂಮಧ್ಯರೇಖೆಯ ದಕ್ಷಿಣದಲ್ಲಿರುವವರು ಈ ತಿಂಗಳುಗಳನ್ನು ಆರು ತಿಂಗಳು ಸರಿಸಿಕೊಳ್ಳಬೇಕು. ಹಿಮವೇ ಬೀಳದ ಕಡೆ ಹಿಂದಕ್ಕೆ ಎಣಿಸುವ ಅಗತ್ಯವಿಲ್ಲ. ಅಲ್ಲಿ ಸೆಕೆ ಇಳಿಯುವುದನ್ನು ಕಾದು ಬಿತ್ತಿದರೆ ಸಾಕು.

ಏನು ಬೆಳೆಯಬೇಕು

ಟೊಮೆಟೊ, ಸೌತೆ, ಹುರುಳಿಕಾಯಿ, ಮೆಣಸಿನಕಾಯಿ ಮೊದಲ ಹಿಮಕ್ಕೇ ಕಪ್ಪಾಗಿ ಸೊರಗುತ್ತವೆ. ಅವುಗಳನ್ನು ಈ ಯೋಜನೆಯಿಂದ ಬಿಟ್ಟುಬಿಡಿ. ಲೆಟಿಸ್, ಬೀಟ್‌ರೂಟ್, ಹೂಕೋಸು ಲಘು ಹಿಮವನ್ನು, ಅಂದರೆ ಸೊನ್ನೆಯಿಂದ ಮೈನಸ್ 2 ಡಿಗ್ರಿ ಸೆಲ್ಸಿಯಸ್‌ವರೆಗಿನ ಚಳಿಯನ್ನು ತಾಳುತ್ತವೆ. ಎಲೆಕೋಸು, ಕೇಲ್, ಪಾಲಕ್ ಇನ್ನೂ ಗಟ್ಟಿ. ಮೊದಲ ಸಲ ತೋಟ ಮಾಡುವವರಿಗೆ ನಾನು ಹೇಳುವುದು ನಾಲ್ಕೇ ಹೆಸರು: ಮೂಲಂಗಿ, ಪಾಲಕ್, ನವಿಲುಕೋಸು ಮತ್ತು ಕ್ಯಾರೆಟ್. ಹೂಕೋಸು ಅತಿ ನಾಜೂಕಿನ ಬೆಳೆ. ಎಳೆಯದರಲ್ಲಿ ನೀರಿನ ಕೊರತೆಯೋ ಬೇರಿನ ಇಕ್ಕಟ್ಟೋ ಆದರೆ ಅಂಗಿಯ ಗುಂಡಿಯಷ್ಟು ಪುಟ್ಟ ಹೂ ಬಿಟ್ಟು ನಿಂತುಬಿಡುತ್ತದೆ. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿ.

ಜಾಗ ಮತ್ತು ಮಣ್ಣು

ಬೇಸಿಗೆಯಲ್ಲಿ ದಿನವಿಡೀ ಬಿಸಿಲಿದ್ದ ಪಾತಿ ಶರತ್ಕಾಲದಲ್ಲೂ ಹಾಗೆಯೇ ಇರುತ್ತದೆ ಎಂದು ನಂಬಬೇಡಿ. ಸೂರ್ಯ ಕೆಳಗೆ ಸರಿದಂತೆ ಗೋಡೆ, ಬೇಲಿಗಳ ನೆರಳು ಉದ್ದವಾಗಿ ಪಾತಿಯ ಅರ್ಧವನ್ನೇ ನುಂಗಬಹುದು. ಗಡ್ಡೆ ಮತ್ತು ಕೋಸಿನ ಬೆಳೆಗಳಿಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪುಗಳು 4 ಗಂಟೆಯಲ್ಲಿ ನಿಭಾಯಿಸುತ್ತವೆ. ಕುಂಡಗಳಾದರೆ ಬಿಸಿಲಿದ್ದಲ್ಲಿಗೆ ಸರಿಸಿಕೊಳ್ಳಬಹುದು; ಸೊಪ್ಪಿಗೆ 20 ಸೆಂ.ಮೀ. ಆಳ, ಕ್ಯಾರೆಟ್‌ಗೆ 30 ಸೆಂ.ಮೀ. ಆಳ ಇರಲಿ.

ಬೇಸಿಗೆಯ ಬೆಳೆ ಮುಗಿದ ಪಾತಿಯಲ್ಲಿ ಒಣಗಿದ ಗಿಡಗಳನ್ನು ತೆಗೆದು, ರೋಗ ಬಂದಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಹೊರಗೆ ಸಾಗಿಸಿ. ಹಿಂದಿನ ಬೆಳೆ ಪೋಷಕಾಂಶವನ್ನು ಹೀರಿರುವುದರಿಂದ ಮೇಲೆ 2ರಿಂದ 3 ಸೆಂ.ಮೀ. ದಪ್ಪಕ್ಕೆ ಚೆನ್ನಾಗಿ ಕಳಿತ ಗೊಬ್ಬರ ಹರಡಿ, ಮೇಲ್ಮಣ್ಣಿನೊಂದಿಗೆ ಬೆರೆಸಿ. ಕಳಿಯದ ಹಸಿ ಗೊಬ್ಬರವನ್ನು ಮಾತ್ರ ಹಾಕಬಾರದು. ಅಂಥ ಮಣ್ಣಿನಲ್ಲಿ ಕ್ಯಾರೆಟ್ ಎರಡು ಮೂರು ಕಾಲಾಗಿ ಕವಲೊಡೆಯುತ್ತದೆ, ತಿನ್ನುವ ಸೊಪ್ಪಿಗೆ ರೋಗಾಣು ತಗಲುವ ಅಪಾಯವೂ ಇದೆ. ಕೋಸು, ಮೂಲಂಗಿ, ಟರ್ನಿಪ್ ಇವೆಲ್ಲ ಒಂದೇ ಕುಟುಂಬದವು. ಒಂದೇ ಪಾತಿಯಲ್ಲಿ ವರ್ಷ ವರ್ಷವೂ ಇವನ್ನೇ ಬೆಳೆದರೆ ಬೇರು ಗಂಟುಗಂಟಾಗಿ ಊದಿಕೊಳ್ಳುವ ರೋಗ ನೆಲೆಯೂರುತ್ತದೆ. ಮೂರು ನಾಲ್ಕು ವರ್ಷ ಜಾಗ ಬದಲಿಸುವುದು ಇದಕ್ಕೆ ಮೊದಲ ಮದ್ದು. ಆ ರೋಗ ಹುಳಿ ಮಣ್ಣಿನಲ್ಲಿ ಹೆಚ್ಚು ಬಲಿಯುವುದರಿಂದ ಸುಣ್ಣ ಬೆರೆಸಿ ರಸಸಾರವನ್ನು (pH) 7ರ ಮೇಲಕ್ಕೆ ತರುವುದು ಎರಡನೆಯದು.

ಬಿಸಿ ಮಣ್ಣಿನಲ್ಲಿ ಬೀಜ ಮೊಳೆಸುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವ ಹಂತ ಇದು. ತಂಪಿನಲ್ಲಿ ಬೆಳೆಯುವ ಗಿಡಗಳ ಬೀಜಗಳನ್ನು ನಾವು ಸೆಕೆಯಲ್ಲಿ ಬಿತ್ತುತ್ತಿದ್ದೇವೆ. ಮಣ್ಣಿನ ಉಷ್ಣತೆ 30 ಡಿಗ್ರಿ ಸಮೀಪಿಸಿದರೆ ಲೆಟಿಸ್ ಬೀಜ ಸಾಯುವುದಿಲ್ಲ, ನಿದ್ರೆಗೆ ಜಾರುತ್ತದೆ. ಎಷ್ಟು ನೀರು ಹಾಕಿದರೂ ಏಳುವುದಿಲ್ಲ. ಪಾಲಕ್ ಕೂಡ ಬಿಸಿ ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳೆಯುತ್ತದೆ. ಬೀಜ ಕೆಟ್ಟದ್ದೆಂದು ಎಸೆಯುವ ಮೊದಲು ಮಣ್ಣನ್ನು ತಂಪುಗೊಳಿಸಿ ನೋಡಬೇಕು. ಬಿತ್ತುವ ಹಿಂದಿನ ಸಂಜೆ ಪಾತಿಗೆ ಚೆನ್ನಾಗಿ ನೀರುಣಿಸಿ, ಮೇಲೆ ನೆರಳು ಪರದೆ ಕಟ್ಟಿ, ಮರುದಿನ ಸಂಜೆಯ ಹೊತ್ತಿಗೆ ಬಿತ್ತಿದರೆ ಬೀಜಕ್ಕೆ ಮೊದಲ ಹತ್ತು ಹನ್ನೆರಡು ಗಂಟೆ ತಂಪು ಸಿಗುತ್ತದೆ. ಲೆಟಿಸ್ ಬೀಜಕ್ಕೆ ಮೊಳೆಯಲು ಬೆಳಕೂ ನೆರವಾಗುವುದರಿಂದ ಅದರ ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು.

ಕ್ಯಾರೆಟ್‌ನ ತೊಂದರೆ ಬೇರೆ. ಅದರ ಬೀಜ ಕೇವಲ ಅರ್ಧ ಸೆಂ.ಮೀ. ಆಳದಲ್ಲಿ ಕೂತು 10ರಿಂದ 20 ದಿನ ಮೊಳಕೆಗೆ ತೆಗೆದುಕೊಳ್ಳುತ್ತದೆ. ಮಣ್ಣಿನ ಆ ತೆಳು ಪದರ ಒಂದು ಮಧ್ಯಾಹ್ನದ ಬಿಸಿಲಿಗೇ ಒಣಗಿ ಗಟ್ಟಿ ಹಕ್ಕಳೆಯಾಗುತ್ತದೆ. ಸಾಲಿನ ಮೇಲೆ ನೆನೆಸಿದ ಗೋಣಿಚೀಲ ಹಾಸಿ, ಅದನ್ನು ಒಣಗಲು ಬಿಡದೆ, ಐದನೆಯ ದಿನದಿಂದ ಪ್ರತಿ ಬೆಳಗ್ಗೆ ಅಂಚನ್ನು ಎತ್ತಿ ಇಣುಕಿ ನೋಡಬೇಕು. ಮೊದಲು ಕಾಣುವುದು ಮಣ್ಣಿನಲ್ಲಿ ಕೂದಲೆಳೆಯಂಥ ಒಂದು ಬಿರುಕು. ಮರುದಿನ ಬಿಳಿ ದಾರದ ತುಣುಕೊಂದು ಬಾಗಿ ನಿಂತಂತೆ ಮೊಳಕೆ ಕಾಣಿಸುತ್ತದೆ. ಆ ದಿನವೇ, ಸಂಜೆಯ ಹೊತ್ತಿಗೆ, ಗೋಣಿಯನ್ನು ತೆಗೆಯಬೇಕು. ಇನ್ನೊಂದೆರಡು ದಿನ ಬಿಟ್ಟರೆ ಮೊಳಕೆಗಳು ಬೆಳಕಿಲ್ಲದೆ ಹಳದಿಯಾಗಿ ಗೋಣಿಯ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ, ಎತ್ತಿದಾಗ ಬೇರುಸಮೇತ ಬರುತ್ತವೆ.

ಸಸಿ ಮತ್ತು ನಾಟಿ

ಕೋಸಿನ ಜಾತಿಗಳನ್ನು ಟ್ರೇಯಲ್ಲಿ, ಮಧ್ಯಾಹ್ನದ ಬಿಸಿಲು ಬೀಳದ ಕಡೆ ಬೆಳೆಸಿ. ನೀರು ನಿಂತ ಮಿಶ್ರಣದಲ್ಲಿ ಶಿಲೀಂಧ್ರ ತಗಲಿ ಎಳೆಯ ಸಸಿಗಳ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತವೆ. ಅದಕ್ಕೆ ನೀರನ್ನು ಬೆಳಗ್ಗೆಯೇ ಕೊಡಿ, ಒತ್ತೊತ್ತಾಗಿ ಬಿತ್ತಬೇಡಿ. ನಾಲ್ಕೈದು ಎಲೆ ಬಂದ ಮೇಲೆ ಒಂದು ವಾರ ದಿನಕ್ಕಿಷ್ಟು ಹೆಚ್ಚು ಬಿಸಿಲಿಗೆ ಒಡ್ಡಿ ಹದಗೊಳಿಸಿ, ಮೋಡ ಕವಿದ ದಿನ ಅಥವಾ ಸಂಜೆ ನಾಟಿ ಮಾಡಿ. ಸಸಿಯನ್ನು ಮೊದಲ ಎಲೆಗಳ ಬುಡದವರೆಗೆ ಇಳಿಸಿ, ಸುತ್ತಲಿನ ಮಣ್ಣನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು. ಎಲೆಕೋಸು ಮತ್ತು ಹೂಕೋಸಿಗೆ 45 ಸೆಂ.ಮೀ., ನವಿಲುಕೋಸಿಗೆ 15ರಿಂದ 20 ಸೆಂ.ಮೀ. ಅಂತರ ಬೇಕು.

ನೇರವಾಗಿ ಬಿತ್ತಿದ ಸಾಲುಗಳಲ್ಲಿ ಹೆಚ್ಚುವರಿ ಸಸಿಗಳನ್ನು ತೆಗೆಯಲು ಮನಸ್ಸು ಒಪ್ಪುವುದಿಲ್ಲ. ನನಗೂ ಇದು ಸುಲಭವಾಗಿ ಬಂದ ಅಭ್ಯಾಸವಲ್ಲ. ಆದರೆ ಕ್ಯಾರೆಟ್‌ಗೆ 5 ಸೆಂ.ಮೀ., ಬೀಟ್‌ರೂಟ್‌ಗೆ 8ರಿಂದ 10 ಸೆಂ.ಮೀ. ಜಾಗ ಬಿಡದಿದ್ದರೆ ಸೊಪ್ಪು ಮಾತ್ರ ಸಿಗುತ್ತದೆ, ಗಡ್ಡೆ ಕಟ್ಟುವುದಿಲ್ಲ. ಬೀಟ್‌ರೂಟ್‌ನ ಒಂದು ‘ಬೀಜ’ ವಾಸ್ತವವಾಗಿ ಹಲವು ಬೀಜಗಳ ಗುಚ್ಛವಾದ್ದರಿಂದ ಎಷ್ಟೇ ವಿರಳವಾಗಿ ಬಿತ್ತಿದರೂ ಅಲ್ಲಿ ಈ ಕೆಲಸ ತಪ್ಪುವುದಿಲ್ಲ. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ. ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ.

ನೀರು, ಹೊದಿಕೆ, ಪೋಷಣೆ

ವಾರಕ್ಕೆ ಚದರ ಮೀಟರಿಗೆ ಸುಮಾರು 25 ಲೀಟರ್ ನೀರು ಸಾಮಾನ್ಯ ಅಳತೆ, ಮಳೆಯೂ ಇದರಲ್ಲಿ ಸೇರಿತು. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ ತೇವ ನೋಡುವುದು ಅದಕ್ಕಿಂತ ನಂಬಲರ್ಹ ವಿಧಾನ. ಸಸಿಗಳು ಒಂದು ಗೇಣು ಎತ್ತರವಾದಾಗ ಒಣಹುಲ್ಲು ಅಥವಾ ತರಗೆಲೆಯನ್ನು 5 ಸೆಂ.ಮೀ. ದಪ್ಪಕ್ಕೆ ಹಾಸಿ, ಕಾಂಡಕ್ಕೆ ತಾಗದಂತೆ ಬುಡದಲ್ಲಿ ಸ್ವಲ್ಪ ಜಾಗ ಬಿಡಿ. ಕೋಸುಗಳಿಗೆ ನಾಟಿಯಾಗಿ ಮೂರು ವಾರವಾದ ಮೇಲೆ ಇನ್ನೊಮ್ಮೆ ಗೊಬ್ಬರ ಕೊಡಬಹುದು. ಅನಂತರ ಸಾರಜನಕದ ಗೊಬ್ಬರ ಬೇಡ.

ಎಲೆಯ ಅಡಿಭಾಗವನ್ನು ನೋಡಿ

ಬೇಸಿಗೆಯಿಡೀ ಸಂಖ್ಯೆ ಹೆಚ್ಚಿಸಿಕೊಂಡ ಕೀಟಗಳು ಎಳೆಯ ಸಸಿಗಳಿಗಾಗಿಯೇ ಕಾದಿರುತ್ತವೆ. ಬಿಳಿ ಚಿಟ್ಟೆಯೊಂದು ಕೋಸಿನ ಗಿಡದ ಮೇಲೆ ಸುಳಿದಾಡಿದರೆ ಅದು ಮೊಟ್ಟೆಯಿಡಲು ಬಂದದ್ದೆಂದೇ ತಿಳಿಯಿರಿ. ಎಲೆಯನ್ನು ತಿರುಗಿಸಿದರೆ ನಸುಹಳದಿಯ, ನಿಂತ ಶೀಸೆಯಾಕಾರದ ಪುಟ್ಟ ಮೊಟ್ಟೆಗಳು ಕಾಣುತ್ತವೆ; ಹೆಬ್ಬೆರಳಿನಿಂದ ಉಜ್ಜಿದರೆ ಅಲ್ಲಿಗೆ ಮುಗಿಯಿತು. ವಜ್ರಬೆನ್ನಿನ ಪತಂಗದ ಮರಿಹುಳು ಇನ್ನೂ ಚಿಕ್ಕದು. ಮುಟ್ಟಿದೊಡನೆ ಹೊರಳಾಡಿ ನೂಲು ಬಿಟ್ಟು ಕೆಳಗಿಳಿಯುತ್ತದೆ. ಎರಡು ದಿನಕ್ಕೊಮ್ಮೆ ನೋಡುವ ಅಭ್ಯಾಸವಿದ್ದರೆ ಮನೆಯ ತೋಟಕ್ಕೆ ಸಿಂಪಡಣೆ ಅಪರೂಪಕ್ಕೆ ಬೇಕಾಗುತ್ತದೆ. ನಾಟಿಯ ದಿನವೇ ಪಾತಿಯ ಮೇಲೆ ನವಿರು ಬಲೆ ಹಾಕಿ ಅಂಚುಗಳನ್ನು ಮಣ್ಣಿನಲ್ಲಿ ಹುಗಿದರೆ ಇನ್ನೂ ಉತ್ತಮ. ಕೋಸುಗಳಿಗೆ ಪರಾಗಸ್ಪರ್ಶ ಬೇಕಿಲ್ಲವಾದ್ದರಿಂದ ಕೊಯ್ಲಿನವರೆಗೂ ಬಲೆಯನ್ನು ತೆಗೆಯಬೇಕಿಲ್ಲ. ಹುಳು ಹೆಚ್ಚಾದಲ್ಲಿ ಬಿ.ಟಿ. (ಬ್ಯಾಸಿಲಸ್ ತುರಿಂಜಿಯೆನ್ಸಿಸ್) ಎಂಬ, ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಕಲಸಿ ಸಿಂಪಡಿಸಿ. ಹುಳು ಅದನ್ನು ತಿಂದರೆ ಮಾತ್ರ ಪರಿಣಾಮ, ಬಿಸಿಲಿಗೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಸಂಜೆ, ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಬೇಕು. ಗಿಡಹೇನಿಗೆ ರಭಸದ ನೀರೇ ಸಾಕು.

ಹೂಕೋಸು ಬೆಳೆದವರು ಮೊಟ್ಟೆಯ ಗಾತ್ರದ ಹೂ ಕಂಡೊಡನೆ ಹೊರ ಎಲೆಗಳನ್ನು ಮೇಲಕ್ಕೆ ಕೂಡಿಸಿ ಸಡಿಲವಾಗಿ ಕಟ್ಟಬೇಕು. ಬಿಸಿಲು ತಾಗಿದ ಹೂ ಹಳದಿಗಟ್ಟುತ್ತದೆ. ಕಟ್ಟಿದ ಒಂದೆರಡು ವಾರದಲ್ಲಿ ಅದು ಕೊಯ್ಲಿಗೆ ಬರುತ್ತದೆ.

ಹಿಮದ ರಾತ್ರಿಗಳು

ಆಕಾಶ ತಿಳಿಯಾಗಿದ್ದು ಗಾಳಿ ನಿಂತ ರಾತ್ರಿ ಹಿಮಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಹಗಲು ನೆಲ ಹೀರಿದ ಬಿಸಿಯನ್ನು ತಡೆದಿಡಲು ಮೋಡಗಳಿರುವುದಿಲ್ಲ. ಆ ಬಿಸಿಯನ್ನು ಹಿಡಿದಿಡುವುದೇ ಹೊದಿಕೆಯ ಕೆಲಸ. ಆದ್ದರಿಂದ ಸೂರ್ಯ ಮುಳುಗುವ ಹೊತ್ತಿಗೇ ಹಳೆಯ ಬಟ್ಟೆಯನ್ನು ಬಾಗಿಸಿದ ಕಡ್ಡಿಗಳ ಮೇಲೆ ಹರಡಿ, ಅಂಚುಗಳು ನೆಲಕ್ಕೆ ತಾಗುವಂತೆ ಕಲ್ಲಿಡಿ. ಮಧ್ಯರಾತ್ರಿ ಹೊದಿಸಿದರೆ ಹಿಡಿದಿಡಲು ಬಿಸಿಯೇ ಉಳಿದಿರುವುದಿಲ್ಲ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದಲ್ಲೆಲ್ಲ ಎಲೆ ಸುಡುತ್ತದೆ. ತೇವದ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಬಿಸಿ ಹಿಡಿಯುವುದರಿಂದ ಅಂದು ಬೆಳಗ್ಗೆ ಬುಡಕ್ಕೆ ನೀರು ಕೊಟ್ಟಿರಲಿ. ಮರುದಿನ ಬಿಸಿಲೇರಿದ ಮೇಲೆ ಹೊದಿಕೆ ತೆಗೆಯಿರಿ. ಹೆಪ್ಪುಗಟ್ಟಿದ ಎಲೆಗಳನ್ನು ಮುಟ್ಟಿದರೆ ಜೀವಕೋಶ ಒಡೆದು ಕಪ್ಪಾಗುತ್ತವೆ. ಕೊಯ್ಯುವುದಾದರೆ ಅವು ಕರಗಿ ಮೊದಲಿನ ಹಸಿರಿಗೆ ಬರುವವರೆಗೆ ಕಾಯಬೇಕು.

ಹಗಲು 10 ಗಂಟೆಗಿಂತ ಕಡಿಮೆಯಾದಾಗ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆದರೆ ಅಷ್ಟರಲ್ಲಿ ಬಲಿತ ಕ್ಯಾರೆಟ್, ಕೇಲ್‌ಗಳನ್ನು ಒಮ್ಮೆಲೇ ಕೀಳಬೇಕಿಲ್ಲ. ದಪ್ಪ ತರಗೆಲೆಯ ಹೊದಿಕೆಯಡಿ, ನೆಲ ಹೆಪ್ಪುಗಟ್ಟುವವರೆಗೂ ಅವು ಪಾತಿಯಲ್ಲೇ ಹಾಳಾಗದೆ ಇರುತ್ತವೆ. ಪಾಲಕ್‌ನಲ್ಲಿ ಹೊರಗಿನ ಎಲೆಗಳನ್ನಷ್ಟೇ ಕೊಯ್ದು ನಡುವಿನ ಕುಡಿಯನ್ನು ಉಳಿಸಿ. ಮೂಲಂಗಿಯನ್ನು ಮಾತ್ರ ಬಲಿತೊಡನೆ ಕೀಳಬೇಕು, ಇಲ್ಲದಿದ್ದರೆ ಒಳಗೆ ಬೆಂಡಾಗುತ್ತದೆ.

ಖಾಲಿಯಾದ ಸಾಲುಗಳಿಗೆ ಬೆಳ್ಳುಳ್ಳಿ ಹಾಕಬಹುದು. ಎಸಳುಗಳಾಗಿ ಒಡೆಯಲು ಅದಕ್ಕೆ ಚಳಿ ಬೇಕೇ ಬೇಕು; ಮೊದಲ ಹಿಮದ ಆಸುಪಾಸಿನಲ್ಲಿ, ದಪ್ಪ ಎಸಳುಗಳನ್ನೇ ಆರಿಸಿ, ಸಿಪ್ಪೆ ಸುಲಿಯದೆ, ಚೂಪು ತುದಿ ಮೇಲಿರುವಂತೆ 5 ಸೆಂ.ಮೀ. ಆಳಕ್ಕೆ 10ರಿಂದ 15 ಸೆಂ.ಮೀ. ಅಂತರದಲ್ಲಿ ಊರಿ, ಮೇಲೆ ಒಣಹುಲ್ಲು ಹಾಸಿಬಿಡಿ. ಚಳಿಗಾಲವಿಡೀ ಅದು ಮಣ್ಣಿನಡಿ ಬೇರು ಬಿಡುತ್ತಿರುತ್ತದೆ. ಗಡ್ಡೆ ಕೈಗೆ ಸಿಗುವುದು ಮುಂದಿನ ಬೇಸಿಗೆಯಲ್ಲಿ, ಕೆಳಗಿನ ಎಲೆಗಳು ಒಣಗತೊಡಗಿದಾಗ.