ದೂರದ ಊರಿಗೆ ಮನೆ ಸಾಗಿಸುವಾಗ ರಜೆ ಉಳಿಸಿಕೊಳ್ಳಿ

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ದೂರದ ಊರಿಗೆ ಹೊರಟರೆ ನಾನು ಮೊದಲು ಹೇಳುವುದು ಇದನ್ನೇ. ಇರುವ ರಜೆಯನ್ನು ಸಾಮಾನು ಕಟ್ಟುವುದಕ್ಕೆ ಮುಗಿಸಬೇಡಿ, ಹೋದ ಮೇಲೆ ಬೇಕಾಗುತ್ತದೆ. ಸಾಮಾನ್ಯವಾಗಿ ಇದು ತಿರುಗುಮುರುಗಾಗುತ್ತದೆ. ಹೊರಡುವ ಮುಂಚೆ ರಜೆ ಹಾಕಿ ಡಬ್ಬ ತುಂಬುತ್ತಾರೆ, ಅಲ್ಲಿ ಇಳಿದ ಮಾರನೇ ದಿನವೇ ಆಫೀಸಿಗೆ ಓಡುತ್ತಾರೆ. ಲಾರಿ ಬಂದಾಗ ಬಾಗಿಲು ತೆಗೆಯಲು ಮನೆಯಲ್ಲಿ ಯಾರೂ ಇರುವುದಿಲ್ಲ. ಡಬ್ಬ ತುಂಬುವ ಕೆಲಸವನ್ನು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕೂತು ಮಾಡಬಹುದು. ಗ್ಯಾಸ್ ಏಜೆನ್ಸಿ, ಶಾಲೆ, ನಲ್ಲಿ ರಿಪೇರಿ ಇವೆಲ್ಲ ಹಗಲು ಹೊತ್ತಿನಲ್ಲೇ ಆಗಬೇಕು, ಅಲ್ವಾ? ಕೇಂದ್ರ ಸರ್ಕಾರಿ ನೌಕರರಿಗೆ 1000 ಕಿ.ಮೀ. ಒಳಗಿನ ಬೇರೆ ಊರಿಗೆ ವರ್ಗವಾದರೂ ಹೊಸ ಜಾಗ ಸೇರಲು 10 ದಿನ ಸಿಗುತ್ತದೆ. ಖಾಸಗಿ ಕೆಲಸದವರು ಕೇಳಿ ಪಡೆಯಬೇಕು. ವರ್ಗದ ಮಾತು ಬಂದ ದಿನವೇ ಕೇಳಿ. ಕೊಡುವುದಿಲ್ಲ ಎಂದರೆ ಮೊದಲ ವಾರ ಮನೆಯಿಂದ ಕೆಲಸ ಮಾಡಲಾದರೂ ಒಪ್ಪಿಸಿ.

ನಮ್ಮ ಯಜಮಾನರದು ಊರೂರು ಸುತ್ತುವ ನೌಕರಿ. ಹೋದಲ್ಲೆಲ್ಲ ನಾನೂ ಒಂದು ಶಾಲೆ ಹುಡುಕಿ ಪಾಠ ಮಾಡಿದವಳು. ಈಚೆಗೆ ಮಗಳು ಅಳಿಯ ಬೆಂಗಳೂರಿನಿಂದ ಪುಣೆಗೆ ಹೋದರು. ಆ ದಾರಿಯ ಲೆಕ್ಕದಲ್ಲೇ ಹೇಳುತ್ತೇನೆ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಮೇಲೆ ಹೋಗುವ ದಾರಿ, 800 ಕಿ.ಮೀ.ಗೂ ಜಾಸ್ತಿ.

ದಿನ ಗೊತ್ತು ಮಾಡುವಾಗ ತಿಂಗಳ ಕೊನೆ ಬೇಡ. ಬಾಡಿಗೆ ಮನೆ ಬಿಡುವವರೆಲ್ಲ ಆಗಲೇ ಹೊರಡುತ್ತಾರೆ, ಲಾರಿಗೂ ಆಳಿಗೂ ಬೇಡಿಕೆ ಏರುತ್ತದೆ. ತಿಂಗಳ ನಡುವಿನ ಮಂಗಳವಾರವೋ ಬುಧವಾರವೋ ಆದರೆ ನಿಧಾನವಾಗಿ ಕಟ್ಟಿಕೊಡುತ್ತಾರೆ. ಆಷಾಢದಲ್ಲಿ ನಮ್ಮವರು ಮನೆ ಬದಲಿಸುವುದು ಕಡಿಮೆ, ಹಾಗಾಗಿ ಚೌಕಾಸಿಗೆ ಜಾಗವಿರುತ್ತದೆ. ಆದರೆ ಪುಣೆ ದಾರಿಯಲ್ಲಿ ಅದು ಜೋರು ಮಳೆಯ ಕಾಲ. ಹಾಸಿಗೆ, ಪುಸ್ತಕ, ರೇಷ್ಮೆ ಸೀರೆ ಇವನ್ನು ರಟ್ಟಿನ ಡಬ್ಬಕ್ಕೆ ಹಾಕುವ ಮೊದಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಲಾರಿಯ ಟಾರ್ಪಾಲನ್ನೇ ನಂಬಿ ಕೂರಬೇಡಿ.

ಪ್ಯಾಕರ್ಸ್‌ನವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚು ಜನ ನೊಂದುಕೊಳ್ಳುವುದು ಇಲ್ಲೇ. ಫೋನಿನಲ್ಲೇ ದರ ಹೇಳುವವರು ಬೇಡ. ಮನೆಗೆ ಬಂದೋ ವಿಡಿಯೊ ಕಾಲ್‌ನಲ್ಲೋ ಅಟ್ಟದ ಸಮೇತ ಎಲ್ಲ ನೋಡಿ, ಪಟ್ಟಿ ಬರೆದು ದರ ಹೇಳಲಿ. ಮೂರು ಕಡೆ ಕೇಳಿ. ಒಬ್ಬರು ಮಾತ್ರ ಅರ್ಧಕ್ಕರ್ಧ ಕಡಿಮೆ ಹೇಳಿದರೆ ಅವರನ್ನು ಬಿಡಿ. ಸಾಮಾನು ಲಾರಿಗೆ ಏರಿದ ಮೇಲೆ 'ತೂಕ ಜಾಸ್ತಿಯಾಯಿತು, ಇನ್ನಷ್ಟು ಹಾಕಿ, ಆಮೇಲೆ ಇಳಿಸುತ್ತೇವೆ' ಎಂದು ಹಿಡಿದಿಡುವುದು ಇಂಥವರೇ. ಪೂರ್ತಿ ಲಾರಿಯೋ, ಬೇರೆಯವರ ಸಾಮಾನಿನ ಜೊತೆ ಹೋಗುವ ಲಾರಿಯೋ ಎಂದು ಮೊದಲೇ ಕೇಳಿ. ಜೊತೆಯಲ್ಲಿ ಹೋದರೆ ಹಣ ಉಳಿಯುತ್ತದೆ, ಆದರೆ ತಲುಪುವ ದಿನಕ್ಕೆ ಖಾತರಿಯಿಲ್ಲ. ಕೆಲಸಕ್ಕೆ ಹೋಗುವವರಿಗೆ ದಿನ ಮುಖ್ಯ, ಆದ್ದರಿಂದ ಪೂರ್ತಿ ಲಾರಿಯೇ ಒಳ್ಳೆಯದು ಅನ್ನುತ್ತೇನೆ. ನಗರದೊಳಗೆ ಹಗಲು ದೊಡ್ಡ ಲಾರಿ ಬಿಡದ ರಸ್ತೆಗಳಿರುತ್ತವೆ. ಆಗ ಸಣ್ಣ ಗಾಡಿಗೆ ಬದಲಿಸುವ ಖರ್ಚು ಯಾರದು ಅನ್ನುವುದೂ ಬರಹದಲ್ಲಿರಲಿ. ವಿಮೆ ಮಾಡಿಸಿದ್ದೇವೆ ಎಂದರೆ ಪಾಲಿಸಿ ಕಾಗದ ಕೇಳಿ, ಬಿಲ್ಲಿನಲ್ಲಿ ಬರೆದ ಒಂದು ಸಾಲು ಸಾಲದು. ಎಲ್.ಆರ್. (ಸಾಮಾನು ಸಾಗಿಸಲು ಒಪ್ಪಿಕೊಂಡಿದ್ದಕ್ಕೆ ಲಾರಿಯವರು ಕೊಡುವ ರಸೀದಿ), ಸಾಮಾನಿನ ಪಟ್ಟಿ, ಲಾರಿ ನಂಬರು, ಡ್ರೈವರ್ ಫೋನು ಕೈಗೆ ಬಾರದೆ ಗಾಡಿ ಹೊರಡಬಾರದು. ಇಳಿಸಿದಾಗ ಏನಾದರೂ ಒಡೆದಿದ್ದರೆ ಫೋಟೊ ತೆಗೆಯಿರಿ. ಅವರ ರಸೀದಿಯ ಮೇಲೆ ಬರೆದೇ ಸಹಿ ಹಾಕಿ. ಕತ್ತಲಾಯಿತು, ಬೇಗ ಮಾಡಿ ಎಂದು ಅವಸರ ಮಾಡಿದರೂ ಸರಿ.

ಕಟ್ಟುವುದನ್ನು ಅಟ್ಟದಿಂದ ಶುರು ಮಾಡಿ, ಅಡುಗೆಮನೆ ಕೊನೆಗೆ. ಹೊರಡುವ ತಿಂಗಳು ದಿನಸಿ ತರಿಸದೆ ಇರುವ ಬೇಳೆ ಕಾಳು ಮುಗಿಸಿ. ಡಬ್ಬಗಳಿಗೆ ನಂಬರು ಹಾಕಿ, ಮುಚ್ಚುವ ಮುಂಚೆ ಒಳಗಿನದರ ಫೋಟೊ ತೆಗೆದಿಡಿ. ಮೇಲೆ ಬರೆಯಬೇಕಾದದ್ದು ಹೊಸ ಮನೆಯಲ್ಲಿ ಅದು ಯಾವ ಕೋಣೆಗೆ ಹೋಗಬೇಕು ಅನ್ನುವುದು. ಆಗ ಇಳಿಸುವವರು ಕೇಳದೆ ಸರಿಯಾದ ಕಡೆ ಇಡುತ್ತಾರೆ. ಪುಸ್ತಕ ಸಣ್ಣ ಡಬ್ಬದಲ್ಲಿರಲಿ, ದೊಡ್ಡದಾದರೆ ತಳ ಕಳಚುತ್ತದೆ.

ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ಐಸ್ ಕರಗಿಸಿ, ಒರೆಸಿ ಒಣಗಿಸಿ. ಅಲ್ಲಿ ಇಳಿಸಿದ ಮೇಲೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಆನ್ ಮಾಡಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಇದ್ದರೆ, ಕೊಂಡಾಗ ಅದರ ಬೆನ್ನಿಗೆ ಹಾಕಿ ಬಂದಿದ್ದ ಉದ್ದ ಬೋಲ್ಟುಗಳನ್ನು ಹುಡುಕಿ ಲಾರಿಗೆ ಏರಿಸುವ ಮೊದಲು ಮತ್ತೆ ಹಾಕಿಸಿ. ಇಲ್ಲವಾದರೆ ದಾರಿಯುದ್ದಕ್ಕೂ ಡ್ರಮ್ ಓಲಾಡಿ ಒಳಗಿನ ಸ್ಪ್ರಿಂಗ್ ಹಾಳಾಗುತ್ತದೆ. ಟಿ.ವಿ. ಮಲಗಿಸಬಾರದು. ಪ್ಲೈವುಡ್ ಮಂಚ ಒಮ್ಮೆ ಬಿಚ್ಚಿ ಜೋಡಿಸಿದರೆ ಮೊದಲಿನ ಬಿಗಿ ಉಳಿಯುವುದಿಲ್ಲ, ಹಳೆಯದಾಗಿದ್ದರೆ ಮಾರಿಬಿಡಿ. ಕುಂಡದ ಗಿಡಗಳನ್ನು ಪಕ್ಕದ ಮನೆಯವರಿಗೆ ಕೊಡಿ. ತುಳಸಿಯ ಒಣಗಿದ ತೆನೆಯನ್ನು ಮಾತ್ರ ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಹೊಸ ಮಣ್ಣಿನಲ್ಲಿ ಉದುರಿಸಿದರೆ ಮೊಳೆಯುತ್ತದೆ.

ಲಾರಿಗೆ ಹಾಕದೆ ನಿಮ್ಮ ಜೊತೆಗೇ ಹೋಗಬೇಕಾದ ಚೀಲ ಒಂದಿದೆ. ಸಣ್ಣ ಕುಕ್ಕರ್, ಇಂಡಕ್ಷನ್ ಒಲೆ, ಅವಲಕ್ಕಿ, ಚಟ್ನಿಪುಡಿ, ಒಂದು ಜಮಖಾನ, ಎರಡು ಹೊದಿಕೆ, ಬಕೆಟ್ಟು. ಒಡವೆ, ಪಾಸ್‌ಪೋರ್ಟ್, ಅಂಕಪಟ್ಟಿ, ಮನೆಯ ಹಿರಿಯರ ಒಂದು ತಿಂಗಳ ಮಾತ್ರೆ ಮತ್ತು ಡಾಕ್ಟರ ಚೀಟಿ, ಆಫೀಸಿನ ಲ್ಯಾಪ್‌ಟಾಪ್ ಕೂಡ ನಿಮ್ಮ ಕೈಯಲ್ಲೇ ಇರಲಿ.

ಕಾಗದಪತ್ರದಲ್ಲಿ ಮೊದಲು ಆಗಬೇಕಾದದ್ದು ಹೊಸ ಮನೆಯ ಕರಾರು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು ಎಂದು ಕಾನೂನಿದೆ. ಪುಣೆಯಲ್ಲಿ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಆನ್‌ಲೈನ್ ಮಾಡಿಕೊಡುವವರಿದ್ದಾರೆ, ಆಫೀಸು ಮುಗಿಸಿ ಬಂದ ಮೇಲೆ ಕರೆಸಿಕೊಳ್ಳಬಹುದು. ಈ ಕರಾರು ಕೈಗೆ ಬಂದರೆ ಗ್ಯಾಸ್, ಬ್ಯಾಂಕು ಎಲ್ಲಕ್ಕೂ ಅದೇ ವಿಳಾಸದ ಪುರಾವೆ. ಅಲ್ಲಿನ ಸೊಸೈಟಿಯಲ್ಲಿ, ಅಂದರೆ ಅಪಾರ್ಟ್‌ಮೆಂಟಿನಲ್ಲಿ, ಸಾಮಾನು ಏರಿಸಲು ಲಿಫ್ಟ್ ಯಾವ ಹೊತ್ತಿಗೆ ಬಿಡುತ್ತಾರೆ ಎಂದೂ ಮೊದಲೇ ವಿಚಾರಿಸಿ. ಭಾನುವಾರ ಬಿಡದ ಕಡೆಗಳಿವೆ.

ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲಿ ಕಳಿಸಬೇಡಿ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ವಾಪಸ್ ಕೊಟ್ಟು ಒಂದು ಟರ್ಮಿನೇಶನ್ ವೋಚರ್ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಊರಿನಲ್ಲಿ ಸಂಪರ್ಕ ತೆಗೆದುಕೊಳ್ಳಬಹುದು. ಮನೆ ಬಿಡುವ ದಿನ ಕರೆಂಟ್ ಮೀಟರಿನ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ, ಅಡ್ವಾನ್ಸ್ ಲೆಕ್ಕದಲ್ಲಿ ತಕರಾರು ಬರುವುದಿಲ್ಲ. ಶಾಲೆಯ ಟಿ.ಸಿ.ಗೆ ಬೇಗ ಅರ್ಜಿ ಕೊಡಿ. ಮಹಾರಾಷ್ಟ್ರದ ಶಾಲೆಗಳಲ್ಲಿ ಯಾವ ಬೋರ್ಡಾದರೂ ಮರಾಠಿ ಕಡ್ಡಾಯ ಎಂದು 2020ರಲ್ಲಿ ಕಾಯ್ದೆಯಾಗಿದೆ. ಹಿಂದಿ ಓದಲು ಬರುವ ಮಗುವಿಗೆ ಲಿಪಿ ಕಷ್ಟವಾಗುವುದಿಲ್ಲ. ಹೊರಡುವ ಮೊದಲೇ ನಾಲ್ಕು ಮಾತು ಕಲಿಸಿ, ತರಗತಿಯಲ್ಲಿ ಕೂರಲು ಧೈರ್ಯ ಬರುತ್ತದೆ.

ಸ್ಕೂಟರನ್ನು ರೈಲಿನ ಪಾರ್ಸೆಲ್‌ನಲ್ಲೂ ಕಳಿಸಬಹುದು, ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು, ಆರ್.ಸಿ. ಪ್ರತಿ ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರಿಗೆ ಬದಲಿಸಬೇಕು. ಅದಕ್ಕೆ ಇಲ್ಲಿನ ಆರ್.ಟಿ.ಒ.ದಿಂದ ಎನ್.ಒ.ಸಿ. (ತಮ್ಮ ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ಬೇಕು. ವಾಹನಕ್ಕೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು, ಅದನ್ನು ಬೆಂಗಳೂರು ಬಿಡುವ ಮೊದಲೇ ಕೇಳಿ ತೆಗೆದುಕೊಳ್ಳಿ. ಅಲ್ಲಿ ನಂಬರ್ ಬದಲಾದ ಮೇಲೆ ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಲು ಹಳೆಯ ರಸೀದಿ ಬೇಕಾಗುತ್ತದೆ, ಜೋಪಾನವಾಗಿಡಿ.