ಕೇಬಲ್ಲೋ, ಡಿಶ್ಶೋ, ನೆಟ್ಟೋ? ಮೊದಲು ತಾರಸಿ ಹತ್ತಿ

ಟಿವಿ ಪ್ಯಾಕ್ ದರ ಹೋಲಿಸುವ ಮುನ್ನ ಮೊಬೈಲಿನ ದಿಕ್ಸೂಚಿ ಹಿಡಿದು ತಾರಸಿಗೆ ಹೋಗಿ. ಎಲ್ಲ ಡಿಶ್‌ಗಳೂ ಒಂದೇ ಕಡೆ ಮುಖ ಮಾಡುತ್ತವೆ ಅಂದುಕೊಳ್ಳಬೇಡಿ. ಬೆಂಗಳೂರಿನಿಂದ ನೋಡಿದರೆ ಡಿಡಿ ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15 (93.5° ಪೂರ್ವ ರೇಖಾಂಶ) ದಿಕ್ಸೂಚಿಯ 128 ಡಿಗ್ರಿಗೆ, ಅಂದರೆ ಆಗ್ನೇಯಕ್ಕೆ, 66 ಡಿಗ್ರಿ ಎತ್ತರದಲ್ಲಿದೆ. ಟಾಟಾ ಪ್ಲೇಗೆ (83°) ಸುಮಾರು 157 ಡಿಗ್ರಿ, ಏರ್‌ಟೆಲ್‌ಗೆ (108.2°) 111 ಡಿಗ್ರಿ, ಎತ್ತರ ಬರೀ 52. ಒಂದಕ್ಕೆ ಅಡ್ಡ ಬಂದ ತೆಂಗಿನ ಮರ ಇನ್ನೊಂದಕ್ಕೆ ಅಡ್ಡಿಯಾಗದೇ ಇರಬಹುದು.

ತಿಂಗಳ ಬಾಡಿಗೆಯೇ ಬೇಡ, ಚಂದನದಂಥ ಕೆಲವು ಚಾನೆಲ್ ಸಾಕು ಅನ್ನುವವರಿಗೆ ಫ್ರೀ ಡಿಶ್. ಡಿಶ್ ಕೂರಿಸುವ ಕಂಬವನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಕಂಬ ವಾಲಿದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರವೂ ಬದಲಾಗಿ ಸಿಗ್ನಲ್ ಕೈಗೆ ಸಿಗುವುದಿಲ್ಲ. ಎಲ್‌ಎನ್‌ಬಿ (ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಭಾಗ) ತಟ್ಟೆಯ ನಡುವಿಗಿಂತ ಕೆಳಗಿರುವ ಮಾದರಿಗಳಲ್ಲಿ, ತಟ್ಟೆ ನಿಜವಾದ ಕೋನಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ತಗ್ಗಿ ನೋಡುವಂತೆ ಕಾಣುತ್ತದೆ. ಅದನ್ನು ಕಂಡು ಗಾಬರಿಯಿಂದ ಮೇಲೆತ್ತಬೇಡಿ. ಸೆಟ್ ಟಾಪ್ ಬಾಕ್ಸಿನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ, 'ಕ್ವಾಲಿಟಿ' ಪಟ್ಟಿಯನ್ನಷ್ಟೇ ನೋಡಿ. 'ಸ್ಟ್ರೆಂತ್' ಪಟ್ಟಿ ಡಿಶ್ ಎತ್ತ ತಿರುಗಿದ್ದರೂ ಏರಿರುತ್ತದೆ. ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದೆರಡು ಸೆಕೆಂಡ್ ಕಾದು, ಮತ್ತೆ ಸರಿಸಿ. ಕ್ವಾಲಿಟಿ ಬಂದ ಮೇಲೆ ಎಲ್‌ಎನ್‌ಬಿಯನ್ನು ತುಸುತುಸುವೇ ತಿರುಗಿಸಿ ಗರಿಷ್ಠಕ್ಕೆ ತಂದು ಬಿಗಿ ಮಾಡಿ. ಕನೆಕ್ಟರಿನೊಳಗೆ ಕೇಬಲ್ಲಿನ ಹೊರ ಹೆಣಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಎಲ್ಲವೂ ಸೊನ್ನೆ.

ಜೋರು ಮಳೆಗೆ ಮನೆಯ ಡಿಶ್ ಕೈಕೊಡುತ್ತದೆ. ಕೇಬಲ್‌ನವರು ದೊಡ್ಡ ತಟ್ಟೆಯಲ್ಲಿ ಹಿಡಿಯುವ ಸಿ-ಬ್ಯಾಂಡ್ (ಕಡಿಮೆ ಫ್ರೀಕ್ವೆನ್ಸಿಯ) ಸಿಗ್ನಲ್ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಆದರೆ ಕೇಬಲ್ ಸಿಗ್ನಲ್ ಬಲಪಡಿಸುವ ಬೀದಿಯ ಆಂಪ್ಲಿಫೈಯರಿಗೆ ಕರೆಂಟ್ ಹೋದರೆ, ನಿಮ್ಮ ಮನೆಯ ಯುಪಿಎಸ್ ಎಷ್ಟೇ ದೊಡ್ಡದಿರಲಿ, ಚಿತ್ರ ಬರದು. ಎರಡು ಟಿವಿಗೆ ಹಾಕಿದ ಸ್ಪ್ಲಿಟರ್ ಸಿಗ್ನಲ್‌ನಲ್ಲಿ ಸುಮಾರು 3.5 ಡೆಸಿಬೆಲ್ ನುಂಗುತ್ತದೆ. ಚೌಕ ಚೌಕವಾಗಿ ಚಿತ್ರ ಒಡೆದರೆ ಮೊದಲು ಅದನ್ನು ಬಿಚ್ಚಿ ನೋಡಿ. ತಾರಸಿಗೆ ಬಿಡದ ಮಾಲೀಕರ ಬಾಡಿಗೆ ಮನೆಗೆ ಕೇಬಲ್ಲೇ ಸರಿ. ಮಾರ್ಚ್ ನಡುವೆ, ಸೆಪ್ಟೆಂಬರ್ ಕೊನೆಗೆ ಸೂರ್ಯ ಉಪಗ್ರಹದ ಹಿಂದೆ ಬಂದು ಕೆಲ ನಿಮಿಷ ಚಿತ್ರ ಹೋಗುವುದುಂಟು. ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ.

ನೆಟ್‌ನಲ್ಲಿ ಎಚ್‌ಡಿ ನೋಡಿದರೆ ಗಂಟೆಗೆ 3 ಜಿಬಿವರೆಗೆ ಖರ್ಚು. ವೈರ್‌ಲೆಸ್ 5ಜಿಯಾದರೆ ಸಂಜೆ ಏಳರಿಂದ ಹತ್ತರ ನಡುವೆ ವೇಗ ಅಳೆದೇ ನಂಬಿ. ಕ್ರಿಕೆಟ್ ಹುಚ್ಚಿದ್ದರೆ ಬೇಡ: ನೆಟ್‌ನಲ್ಲಿ ನೇರ ಪ್ರಸಾರ ತಡವಾಗಿ ಬಂದು, ಪಕ್ಕದ ಮನೆಯವರು ಕೂಗಿದ ಮೇಲೆ ನಿಮ್ಮಲ್ಲಿ ವಿಕೆಟ್ ಬೀಳುತ್ತದೆ.

ಯಾವುದೇ ಇರಲಿ, ಒಂದು ಮಳೆಗಾಲ ಕಳೆಯುವ ತನಕ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ.